ಚುಕ್ಕಿಯ ತುರಿಕೆಗೆ ಹೆಸರು ಸಿಗಲು ಏಳು ತಿಂಗಳು

ನಾಯಿ ಕೆರೆದುಕೊಳ್ಳುವ ಸದ್ದು ರಾತ್ರಿ ಹೊತ್ತು ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದು ನನಗೆ ಹೋದ ವರ್ಷದ ಜುಲೈಯಲ್ಲಿ ಗೊತ್ತಾಯಿತು. ಹಂಚಿನ ಮೇಲೆ ಮಳೆ ಸುರಿಯುತ್ತಿದ್ದರೂ ಅದರ ನಡುವೆ ಜಗಲಿಯ ನೆಲಕ್ಕೆ ಕಾಲು ಬಡಿಯುವ ಟಕ್ ಟಕ್ ಟಕ್. "ಚುಕ್ಕೀ, ಸುಮ್ನೆ ಮಲಗೇ" ಅಂತ ಅಮ್ಮ ಒಳಗಿನಿಂದಲೇ ಗದರುತ್ತಿದ್ದರು. ಎರಡು ನಿಮಿಷ ಸದ್ದಿಲ್ಲ. ಆಮೇಲೆ ಮತ್ತೆ ಟಕ್ ಟಕ್.

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಕಡೆ ಸಣ್ಣ ಕಾಫಿ ತೋಟ. ಚುಕ್ಕಿಗೆ ಆಗ ಮೂರು ವರ್ಷ. ಅರ್ಧ ಊರ ನಾಯಿ, ಇನ್ನರ್ಧ ಯಾವುದೋ ಜಾತಿ ನಾಯಿ. ಮೈಯೆಲ್ಲ ಕಂದು, ನಾಲ್ಕು ಪಾದ ಮಾತ್ರ ಬಿಳಿ. ಆ ಬಿಳಿ ಪಾದಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ಹದಿನೈದು ದಿನ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಮಳೆಗಾಲ, ಮೈ ಒಣಗುವುದಿಲ್ಲ, ತುರಿಸುತ್ತದೆ. ಅಷ್ಟೇ ಅಲ್ವಾ? ಆಮೇಲೆ ಕಿವಿಯ ಅಂಚಿನಲ್ಲಿ ಕೂದಲು ಹೋಗಿ ಹಕ್ಕಳೆ ಕಟ್ಟಿತು. ಮುಂಗಾಲಿನ ಮೊಣಕೈ ಹತ್ತಿರವೂ ಹಾಗೇ. ಆಗ ಶುರುವಾಯಿತು ನೋಡಿ ಎಲ್ಲರ ವೈದ್ಯ.

ಅಮ್ಮ ಬೇವಿನೆಣ್ಣೆ ಹಚ್ಚಿದರು. ಮನೆಯೆಲ್ಲ ಬೇವಿನ ವಾಸನೆ, ತುರಿಕೆ ಹಾಗೇ ಇತ್ತು. ಪಕ್ಕದ ತೋಟದವರು ಜೀಪಿನಿಂದ ತೆಗೆದ ಹಳೇ ಕಪ್ಪು ಆಯಿಲ್ ಬಳಿಯಿರಿ ಅಂದರು. ನಮ್ಮ ಕಡೆ ಕಜ್ಜಿ ನಾಯಿಗೆ ಇದನ್ನು ಬಳಿಯುವವರು ಈಗಲೂ ಇದ್ದಾರೆ. ನಾಯಿ ಅದನ್ನು ನೆಕ್ಕುತ್ತದೆ, ಅದು ವಿಷ. ಅಷ್ಟು ಬುದ್ಧಿ ನನಗಿತ್ತು, ಬಳಿಯಲಿಲ್ಲ. ಇನ್ನೊಬ್ಬರು ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿ ಉಳಿದ ಮೈಲುತುತ್ತ ಇದ್ದರೆ ನೀರಿಗೆ ಹಾಕಿ ತೊಳೆಯಿರಿ ಅಂದರು. ಅದನ್ನೂ ಮಾಡಲಿಲ್ಲ. ಇವೆರಡನ್ನು ಮಾಡದೆ ಇದ್ದದ್ದಕ್ಕೆ ನಾನು ಬಹಳ ಜಾಣ ಅಂದುಕೊಂಡಿದ್ದೆ. ಮಾಡಿದ ತಪ್ಪುಗಳು ಬೇರೆ ಇದ್ದವು.

ಕೊಟ್ಟಿಗೆಯಲ್ಲಿ ಒಂದು ಕರು ಇತ್ತು. ಅದರ ಕಣ್ಣಿನ ಸುತ್ತ, ಕುತ್ತಿಗೆ ಮೇಲೆ ಬೂದು ಬಣ್ಣದ ದಪ್ಪ ಹೊಟ್ಟಿನ ಉರುಟು ಮಚ್ಚೆಗಳು. ಹುಳುಕಡ್ಡಿ. ಕರುಗಳಿಗೆ ಬರುವುದೇ, ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತದೆ. ಚುಕ್ಕಿ ಆ ಕರುವಿನ ಪಕ್ಕದಲ್ಲೇ ಮಲಗುತ್ತಿದ್ದಳು. ನನಗೆ ಲೆಕ್ಕ ಸರಿಹೋಯಿತು: ಕರುವಿನಿಂದ ನಾಯಿಗೆ ಹತ್ತಿದೆ. ಮೆಡಿಕಲ್ ಶಾಪಿಗೆ ಹೋಗಿ ಹುಳುಕಡ್ಡಿಗೆ ಒಂದು ಟ್ಯೂಬು ತಂದೆ. ಹಚ್ಚಿದ ಐದು ದಿನಕ್ಕೆ ಕೆಂಪು ಇಳಿಯಿತು. ಕಾಯಿಲೆ ಕಂಡುಹಿಡಿದೆ ಅಂತ ನಾಲ್ಕು ಜನಕ್ಕೆ ಹೇಳಿಕೊಂಡು ಬಂದೆ. ಟ್ಯೂಬು ಮುಗಿದ ಮೇಲೆ ಅದು ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬಂತು.

ಆಮೇಲೆ ಒಬ್ಬರು ಬಂದು ಇಂಜೆಕ್ಷನ್ ಕೊಟ್ಟರು. ಏನು ಔಷಧಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಾರನೇ ದಿನದಿಂದ ಚುಕ್ಕಿ ಮಗುವಿನಂತೆ ನಿದ್ದೆ ಮಾಡಿದಳು. ಜತೆಗೆ ಬಾಯಾರಿಕೆ ಜಾಸ್ತಿ, ಹಸಿವು ಜಾಸ್ತಿ, ರಾತ್ರಿ ನಾಲ್ಕು ಸಲ ಹೊರಗೆ ಬಿಡಬೇಕು. ಎರಡು ವಾರ ಕಳೆಯಿತು. ಒಂದು ರಾತ್ರಿ ಮತ್ತೆ ಟಕ್ ಟಕ್.

ಅಕ್ಟೋಬರ್ ಮೊದಲ ವಾರ ಅವಳನ್ನು ವ್ಯಾನಿಗೆ ಹಾಕಿಕೊಂಡು ಬೇಲೂರಿನ ಮೇಲೆ ಹಾಸನಕ್ಕೆ ಹೊರಟೆ, ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಅಷ್ಟು ಹೊತ್ತಿಗೆ ಹೊಟ್ಟೆಯ ಅಡಿಯೂ ಕೆಂಪಾಗಿ, ಮೈಯಿಂದ ಹಳೇ ಎಣ್ಣೆಯಂಥ ಮುಗ್ಗಲು ವಾಸನೆ ಬರುತ್ತಿತ್ತು.

ಚೀಟಿ ಮಾಡಿಸಿ ಕೂತೆ. ಸುತ್ತ ಹಸು, ಮೇಕೆ, ಬುಟ್ಟಿಯಲ್ಲಿ ಕೋಳಿ. ಒಬ್ಬರು ಅಜ್ಜಿ ಚುಕ್ಕಿಯನ್ನು ನೋಡಿ, "ಚರ್ಮಗಂಟು ರೋಗ ಇದ್ದೀತು, ದೂರ ಕೂತ್ಕೊಳಪ್ಪ" ಅಂದರು. 2022ರಲ್ಲಿ ದನಗಳಿಗೆ ಆ ರೋಗ ಬಂದು ಊರೂರೇ ಕಂಗಾಲಾದ ಮೇಲೆ ಚರ್ಮದ ಯಾವ ಕಾಯಿಲೆ ಕಂಡರೂ ಜನಕ್ಕೆ ಅದೇ ನೆನಪು. ಅದು ದನ, ಎಮ್ಮೆಗಳ ರೋಗ, ನಾಯಿಗೆ ಬರುವುದಿಲ್ಲ. ಆದರೂ ಅಜ್ಜಿಯ ಮಾತಿಗೆ ಸ್ವಲ್ಪ ದೂರ ಸರಿದು ಕೂತೆ.

ಡಾಕ್ಟರ್ ಮೇಡಂ ಮೊದಲು ನಾಯಿಯನ್ನು ಮುಟ್ಟಲೇ ಇಲ್ಲ. ಪೆನ್ನು ಹಿಡಿದು ಕೇಳುತ್ತಾ ಹೋದರು. ಶುರುವಾದಾಗ ವಯಸ್ಸೆಷ್ಟು? ಯಾವ ತಿಂಗಳು? ಏನು ತಿನ್ನುತ್ತಾಳೆ? ಎಲ್ಲಿ ಮಲಗುತ್ತಾಳೆ? ಬೇರೆ ನಾಯಿಗಳ ಸಹವಾಸ ಇದೆಯಾ? ಆಮೇಲೆ ಒಂದು ಪ್ರಶ್ನೆ ಕೇಳಿದರು. ಅದಕ್ಕೆ ನಾನು ತಡವರಿಸಿದೆ.

"ತುರಿಕೆ ಮೊದಲು ಬಂತೋ, ಕೂದಲು ಉದುರಿದ್ದು ಮೊದಲೋ?"

ತುರಿಕೆ ಮೊದಲು ಅಂದೆ. ಅದು ಮುಖ್ಯವಂತೆ. ಚರ್ಮ ಮೊದಲು ಕೆಟ್ಟು ಆಮೇಲೆ ತುರಿಸಿದರೆ ದಾರಿ ಬೇರೆ. ಚೆನ್ನಾಗಿ ಕಾಣುವ ಚರ್ಮವನ್ನೇ ನಾಯಿ ಕೆರೆದು ಕೆರೆದು ಹಾಳು ಮಾಡಿಕೊಂಡಿದ್ದರೆ ದಾರಿ ಬೇರೆ. ಗೂಗಲ್ ನೋಡಿ ಬಂದಿದ್ದ ನಾನು, "ಥೈರಾಯ್ಡ್ ಇರಬಹುದಾ ಮೇಡಂ?" ಅಂದೆ. ಥೈರಾಯ್ಡ್ ಕಡಿಮೆಯಾದರೆ ಕೂದಲು ಮೈಯ ಎರಡೂ ಕಡೆ ಒಂದೇ ಥರ ಹೋಗುತ್ತದೆ, ಸಾಮಾನ್ಯವಾಗಿ ತುರಿಸುವುದಿಲ್ಲ, ನಾಯಿ ಮಂಕಾಗಿ ಬಿದ್ದಿರುತ್ತದೆ ಅಂದರು. ಚುಕ್ಕಿ ಆಗ ಅವರ ಮೇಜಿನ ಕಾಲನ್ನು ಕಡಿಯುತ್ತಿದ್ದಳು.

"ಸೊನ್ನೆಯಿಂದ ಹತ್ತರೊಳಗೆ ತುರಿಕೆಗೆ ಎಷ್ಟು ಕೊಡ್ತೀರಿ? ಸೊನ್ನೆ ಅಂದರೆ ಇಲ್ಲವೇ ಇಲ್ಲ. ಹತ್ತು ಅಂದರೆ ಊಟ ಬಿಟ್ಟು ಕೆರೆಯೋದು."

"ಒಂಬತ್ತು."

"ಸರಿ. ಈಗ ಏನೇನು ಹಚ್ಚಿದ್ದೀರಿ, ಏನೇನು ಕೊಟ್ಟಿದ್ದೀರಿ, ಮುಚ್ಚುಮರೆ ಇಲ್ಲದೆ ಹೇಳಿಬಿಡಿ."

ಹೇಳಿದೆ. ಟ್ಯೂಬಿನ ಫೋಟೋ ಫೋನಿನಲ್ಲಿತ್ತು, ತೋರಿಸಿದೆ. ಅವರು ಅದರ ಮೇಲಿನ ಸಣ್ಣಕ್ಷರ ದೊಡ್ಡದು ಮಾಡಿ ಓದಿದರು. ಹುಳುಕಡ್ಡಿ ಔಷಧಿಯ ಜತೆ ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಅದು. ಕೆಂಪು ಇಳಿಸಿದ್ದು ಆ ಸ್ಟೀರಾಯ್ಡು. ಇಂಜೆಕ್ಷನ್ನಿನ ಮೇಲೆ ನೀರು ಜಾಸ್ತಿ ಕುಡಿದಳು, ಉಚ್ಚೆ ಜಾಸ್ತಿ ಹೊಯ್ದಳು ಅಂದಾಗ, "ಅದೂ ಅದೇ ಜಾತಿ ಇರಬೇಕು" ಅಂದರು. ಸ್ಟೀರಾಯ್ಡ್ ಎಷ್ಟೋ ಕಾರಣಗಳ ತುರಿಕೆಯನ್ನು ಅಡಗಿಸುತ್ತದೆ, ಹಾಗಾಗಿ ಕಾರಣ ಯಾವುದು ಅಂತ ಅದರಿಂದ ಏನೂ ತಿಳಿಯುವುದಿಲ್ಲ. ಒಳಗೆ ಹುಳ ಇದ್ದರೆ ಅದಕ್ಕೆ ಇನ್ನೂ ಅನುಕೂಲ. ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನೂ ಅದು ಇಳಿಸಿಬಿಡುತ್ತದಂತೆ. ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಚುಕ್ಕಿಯ ಸರದಿ. ಕಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಉಜ್ಜಿದರು. ಕೂಡಲೇ ಚುಕ್ಕಿಯ ಹಿಂಗಾಲು ತಾನಾಗೇ ಗಾಳಿಯಲ್ಲಿ ಕೆರೆಯತೊಡಗಿತು. ಇನ್ನೊಂದು ಕಿವಿ ಉಜ್ಜಿದರು, ಆ ಕಡೆ ಕಾಲು. ನನಗೆ ನಗು ಬಂತು. ಮೇಡಂ ನಗದೆ ಏನೋ ಬರೆದುಕೊಂಡರು.

ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ, ಬಂದ ಕಸವನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿದರು. ಅದರಲ್ಲಿ ಚಿಗಟದ ಹಿಕ್ಕೆ ಇದ್ದರೆ ಹತ್ತಿ ಕೆಂಪಾಗುತ್ತದೆ. ಚಿಗಟ ಕುಡಿದ ರಕ್ತವೇ ಅಲ್ವಾ ಅದು. ಕೆಂಪಾಗಲಿಲ್ಲ, ಬರೀ ಮಣ್ಣು.

ದೀಪ ಆರಿಸಿ ವುಡ್ಸ್ ಲ್ಯಾಂಪ್ ಹಿಡಿದರು. ನೇರಳೆ ಬೆಳಕು. ಕಿವಿಯ ಹತ್ತಿರ ಏನೋ ಮಿನುಗಿತು. "ಹುಳುಕಡ್ಡಿ!" ಅಂದೆ, ಗೆದ್ದವನ ಹಾಗೆ. "ಅದು ನಿಮ್ಮ ಟ್ಯೂಬು" ಅಂದರು. ಹುಳುಕಡ್ಡಿಯಾದರೆ ಕೂದಲಿನ ಎಳೆಯೇ ಹಸಿರಾಗಿ ಹೊಳೆಯಬೇಕು, ಮೆತ್ತಿದ ಮುಲಾಮು ಹೊಟ್ಟು ಹೊಳೆದರೆ ಲೆಕ್ಕಕ್ಕಿಲ್ಲ. ಅದೂ ಅಲ್ಲದೆ ಹೊಳೆಯುವುದು ಒಂದು ಜಾತಿಯ ಶಿಲೀಂಧ್ರ ಮಾತ್ರ. ಅದರಲ್ಲೂ ಎಲ್ಲವೂ ಹೊಳೆಯುವುದಿಲ್ಲ. ಕರುಗಳಿಗೆ ಬರುವ ಜಾತಿ ಸಾಮಾನ್ಯವಾಗಿ ಹೊಳೆಯುವುದೇ ಇಲ್ಲ. ಹಾಗಾಗಿ ನಾಲ್ಕು ಕೂದಲು ಕಿತ್ತು, ಅದರಿಂದ ಶಿಲೀಂಧ್ರ ಬೆಳೆಯುತ್ತದಾ ಅಂತ ನೋಡಲು ಕಳಿಸಿದರು. ಅದರ ಉತ್ತರಕ್ಕೆ ಮೂರು ವಾರ ಕಾಯಬೇಕು.

ಆಮೇಲೆ ಬ್ಲೇಡು. ನನಗೆ ಎದೆ ಧಸಕ್ ಅಂತು. ಆದರೆ ಕೊಯ್ಯುವುದಲ್ಲ, ಮೊಂಡು ಬ್ಲೇಡಿಗೆ ಎಣ್ಣೆ ಹಚ್ಚಿ ಕೆರೆದು ತೆಗೆಯುವುದು. ಒಂದು ಜಾಗವಲ್ಲ, ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಪಕ್ಕ ಅಂತ ಎಷ್ಟೋ ಜಾಗ. ಕೆಲವು ಕಡೆ ಮೇಲೆ ಮೇಲೆ, ಅಗಲವಾಗಿ. ಇನ್ನು ಕೆಲವು ಕಡೆ ಚರ್ಮವನ್ನು ಹಿಂಡಿ, ರಕ್ತ ಜಿನುಗುವವರೆಗೆ. ಯಾಕೆ ಎರಡು ಥರ ಅಂತ ಕೇಳಿದೆ. ಎರಡು ಬೇರೆ ಹುಳಗಳಿವೆಯಂತೆ. ಡೆಮೊಡೆಕ್ಸ್ ಕೂದಲಿನ ಬುಡದ ಕುಳಿಯೊಳಗೆ ಇರುತ್ತದೆ, ಉದ್ದ, ಚುಟ್ಟಾದ ಆಕಾರ. ಅದಕ್ಕೆ ಆಳಕ್ಕೆ ಹೋಗಬೇಕು. ಸಾರ್ಕೊಪ್ಟಿಸ್ ದುಂಡಗೆ, ಅರ್ಧ ಮಿಲಿಮೀಟರೂ ಇಲ್ಲ, ಚರ್ಮದ ಮೇಲಿನ ಪದರದಲ್ಲೇ ಸುರಂಗ ಕೊರೆಯುತ್ತದೆ. ಸ್ಕೇಬೀಸ್ ಅನ್ನುವುದು ಇದರಿಂದ.

ಕೊನೆಗೆ ಸೆಲ್ಲೋಟೇಪು. ಹೌದು, ಲಕೋಟೆಗೆ ಅಂಟಿಸುವುದೇ. ಹೊಟ್ಟೆಯ ಕೆಂಪು ಜಾಗಕ್ಕೆ ಒತ್ತಿ ತೆಗೆದು, ನೀಲಿ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟರು. ನನ್ನನ್ನೂ ಕರೆದು ತೋರಿಸಿದರು. ಸಿಪ್ಪೆ ಸಮೇತ ಇರುವ ಕಡಲೆಕಾಯಿ ಆಕಾರದ ನೀಲಿ ಕಾಳುಗಳು, ಗುಂಪು ಗುಂಪು. ಮಲಸೀಝಿಯಾ ಅನ್ನುವ ಯೀಸ್ಟ್. ಅವುಗಳ ಪಕ್ಕ ಸಾಸಿವೆಗಿಂತಲೂ ಎಷ್ಟೋ ಸಣ್ಣ ಚುಕ್ಕೆಗಳು, ಬ್ಯಾಕ್ಟೀರಿಯಾ. ವಾಸನೆಯ ಮೂಲ ಸಿಕ್ಕಿತು.

"ಹಾಗಾದ್ರೆ ಇದೇ ಕಾಯಿಲೆ?"

"ಇಲ್ಲ. ಇವು ಬಾಗಿಲು ತೆರೆದಿದೆ ಅಂತ ಒಳಗೆ ಬಂದವರು. ಬಾಗಿಲು ತೆರೆದವನು ಯಾರು ಅಂತ ಹುಡುಕಬೇಕು."

ಕೆರೆದು ತೆಗೆದ ಅಷ್ಟೂ ಗಾಜಿನಲ್ಲಿ ಹುಳ ಸಿಗಲಿಲ್ಲ. ಒಂದೂ ಇಲ್ಲ. ನನಗೆ ಅಷ್ಟು ದೂರ ಬಂದದ್ದು ದಂಡ ಅನ್ನಿಸಿತು. ಅಷ್ಟರಲ್ಲಿ ಮೇಡಂ ಕೈ ತೊಳೆಯುತ್ತಾ, "ಮನೆಯಲ್ಲಿ ಯಾರಿಗಾದರೂ ತುರಿಕೆ ಇದೆಯಾ?" ಅಂದರು.

ಇತ್ತು. ಅಮ್ಮ ಒಂದು ತಿಂಗಳಿಂದ ಕೈ ಕೆರೆದುಕೊಳ್ಳುತ್ತಿದ್ದರು. ಸೊಳ್ಳೆ ಅಂತ ನಾನು ಫ್ಯಾನ್ ಜೋರು ಮಾಡಿದ್ದೆ. ಅಲ್ಲಿಂದಲೇ ಫೋನ್ ಮಾಡಿದೆ. "ಅಮ್ಮ, ನಿಂಗೆ ತುರಿಸ್ತಿದ್ಯಲ್ಲ, ಎಲ್ಲೆಲ್ಲಿ?"

"ಮೊಣಕೈ ಕೆಳಗೆ ಕಣೋ. ಹೊಟ್ಟೆ ಮೇಲೂ ಕೆಂಪು ಗುಳ್ಳೆ ಎದ್ದಿದೆ. ಯಾಕೆ, ನಾಯಿ ಡಾಕ್ಟ್ರು ನನ್ನನ್ನೂ ನೋಡ್ತಾರಂತಾ?"

ಚುಕ್ಕಿಯನ್ನು ಎತ್ತಿಕೊಂಡರೆ ತಾಗುವ ಜಾಗಗಳು ಅವೇ. ಮೇಡಂ ತಲೆಯಾಡಿಸಿದರು. ಸ್ಕೇಬೀಸ್ ಇರುವ ನಾಯಿಗಳಲ್ಲಿ ಕೆರೆದು ನೋಡಿದಾಗ ಹುಳ ಸಿಗುವುದು ಹೆಚ್ಚೆಂದರೆ ಅರ್ಧಕ್ಕರ್ಧ. ಸಿಕ್ಕರೆ ಇದೆ ಅಂತ ಅರ್ಥ, ಸಿಗದಿದ್ದರೆ ಇಲ್ಲ ಅಂತ ಅರ್ಥವಲ್ಲ. ಕಿವಿಯ ಅಂಚು, ಮೊಣಕೈ, ಕಿವಿ ಉಜ್ಜಿದಾಗ ಒದೆಯುವ ಕಾಲು, ಮನೆಯವರಿಗೂ ಗುಳ್ಳೆ. ಇಷ್ಟು ಕೂಡಿದರೆ ಔಷಧಿ ಕೊಟ್ಟು ನೋಡುವುದೇ ಪರೀಕ್ಷೆ. ನಾಯಿಯ ಹುಳ ಮನುಷ್ಯರ ಮೈಮೇಲೆ ಸಂಸಾರ ಹೂಡುವುದಿಲ್ಲ, ನಾಯಿಗೆ ವಾಸಿಯಾದರೆ ನಿಮ್ಮ ಅಮ್ಮನದ್ದೂ ಹೋಗುತ್ತದೆ, ಹೋಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ ಅಂದರು.

ಆಗ ನೆನಪಾಯಿತು. ಜೂನ್‌ನಲ್ಲಿ ಮೈಯೆಲ್ಲ ಬೋಳಾದ ಒಂದು ಬೀದಿ ನಾಯಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಮನೆಯಲ್ಲಿ ನಾಲ್ಕು ದಿನ ಮಲಗಿತ್ತು. ಅಮ್ಮ ಅನ್ನ ಹಾಕಿದ್ದರು.

ಔಷಧಿ, ಇಂಥ ಹುಳ ಕೊಲ್ಲುವ ಐಸೊಕ್ಸಾಜೊಲಿನ್ ಗುಂಪಿನ ಒಂದು ಗುಳಿಗೆ. ಕೊಡುವ ಮುಂಚೆ ಯಾವಾಗಲಾದರೂ ಫಿಟ್ಸ್ ಬಂದಿತ್ತಾ ಅಂತ ಎರಡು ಸಲ ಕೇಳಿದರು. ಜತೆಗೆ ವಾರಕ್ಕೆರಡು ಸಲ ಔಷಧಿ ಶಾಂಪೂ. ಹಚ್ಚಿ ಹತ್ತು ನಿಮಿಷ ಬಿಡಬೇಕು. ನೊರೆ ಮೆತ್ತಿದ ನಾಯಿಯನ್ನು ಅಂಗಳದಲ್ಲಿ ಹತ್ತು ನಿಮಿಷ ಹಿಡಿದು ನಿಂತು ನೋಡಿ, ಹತ್ತು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಕೂಲಿಯವರ ಲೈನ್ ಮನೆಗಳ ಎರಡು ನಾಯಿಗಳಿಗೂ ಗುಳಿಗೆ ಕೊಟ್ಟೆವು, ಇಲ್ಲದಿದ್ದರೆ ಮತ್ತೆ ಅಲ್ಲಿಂದ ಬರುತ್ತಿತ್ತು. ಮತ್ತು ಒಂದು ಷರತ್ತು: ಬೇರೆ ಏನೂ ಹಚ್ಚಬಾರದು, ಬೇವಿನೆಣ್ಣೆ ಕೂಡ. ದಿನಾ ರಾತ್ರಿ ತುರಿಕೆಗೆ ಒಂದು ಅಂಕಿ ಬರೆಯಬೇಕು.

ತೋಟದ ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. 9, 9, 8, 8, 6. ಅಮ್ಮನ ಗುಳ್ಳೆ ಎರಡೇ ವಾರದಲ್ಲಿ ಇಳಿಯಿತು. ಕೂದಲಿನ ಉತ್ತರವೂ ಬಂತು, ಹುಳುಕಡ್ಡಿ ಇಲ್ಲ. ಅಂದರೆ ಕರುವಿನ ಮೇಲೆ ಸುಮ್ನೆ ಅಪವಾದ ಹೊರಿಸಿದ್ದೆ. ನಾಲ್ಕನೇ ವಾರಕ್ಕೆ 3. ಕಿವಿಯ ಮೇಲೆ ಹೊಸ ಕೂದಲು.

ಆದರೆ 3ಕ್ಕೆ ನಿಂತುಬಿಟ್ಟಿತು. ಪಾದ ನೆಕ್ಕುವುದು ಮಾತ್ರ ಬಿಡಲಿಲ್ಲ. ನಾನಾದರೆ ಸಾಕಪ್ಪಾ ಅಂತ ಸುಮ್ಮನಾಗುತ್ತಿದ್ದೆ. ಮೇಡಂ ಬಿಡಲಿಲ್ಲ. ಸ್ಕೇಬೀಸ್ ಹೋದ ಮೇಲೂ ಉಳಿದಿದೆ ಅಂದರೆ ಕೆಳಗೆ ಇನ್ನೊಂದು ಇದೆ ಅಂದರು. ಅಲರ್ಜಿಗೆ ರಕ್ತ ಪರೀಕ್ಷೆ ಮಾಡಿಸಿಬಿಡೋಣ ಅಂದೆ. ಅಲರ್ಜಿ ಇದೆಯೋ ಇಲ್ಲವೋ ಅಂತ ಆ ಪರೀಕ್ಷೆ ಹೇಳುವುದಿಲ್ಲವಂತೆ. ಅಲರ್ಜಿ ಅಂತ ಖಾತ್ರಿಯಾದ ಮೇಲೆ ಅದಕ್ಕೆ ಚುಚ್ಚುಮದ್ದು ತಯಾರಿಸಲು ಯಾವುದನ್ನು ಸೇರಿಸಬೇಕು ಅಂತ ನೋಡುವುದಕ್ಕೆ ಅದು ಬೇಕು. ಮೊದಲು ಊಟದ ಪರೀಕ್ಷೆ: ಎಂಟು ವಾರ, ಅವಳು ಇದುವರೆಗೆ ತಿನ್ನದ ಒಂದು ಮಾಂಸ, ತಿನ್ನದ ಒಂದು ಗೆಡ್ಡೆ. ಬೇರೆ ಒಂದು ಚೂರೂ ಇಲ್ಲ. ಮಾಂಸದ ರುಚಿ ಸೇರಿಸಿದ ಗುಳಿಗೆಯೂ ಬೇಡ, ಅದರ ಬದಲು ಬೆನ್ನಿಗೆ ಬಿಡುವ ಹನಿ.

ಚುಕ್ಕಿ ತಿನ್ನದ ಮಾಂಸ ಯಾವುದು? ಕೋಳಿ, ಮೊಟ್ಟೆ, ಹಾಲು, ಬೂತಾಯಿ ಮೀನು, ಕುರಿಯ ಮೂಳೆ, ಎಲ್ಲ ಆಗಿತ್ತು. ಉಳಿದದ್ದು ಹಂದಿ. ನಮ್ಮ ಮನೆಯಲ್ಲಿ ಹಂದಿ ಮಾಡುವುದಿಲ್ಲ. ಅಮ್ಮ ಒಂದು ದಿನ ಪೂರ್ತಿ ಮಾತಾಡಲಿಲ್ಲ. ಆಮೇಲೆ ತಾವೇ ಬಚ್ಚಲ ಹಿಂದೆ ಮೂರು ಕಲ್ಲು ಇಟ್ಟು, ಹಳೇ ಪಾತ್ರೆ ಕೊಟ್ಟು, "ಇದು ಒಳಗೆ ಬರಬಾರದು, ನೀನೂ ಸ್ನಾನ ಮಾಡಿ ಬಾ" ಅಂದರು. ಹಂದಿ ಮತ್ತು ಸಿಹಿಗೆಣಸು. ಉಪ್ಪಿಲ್ಲ, ಅರಿಶಿನ ಇಲ್ಲ.

ಶುರು ಮಾಡಿದ್ದು ನವೆಂಬರ್‌ನಲ್ಲಿ. ಯಾವ ಬುದ್ಧಿವಂತ ಕಾಫಿ ಕುಯ್ಲಿನ ಹೊತ್ತಲ್ಲಿ ನಾಯಿಗೆ ಪಥ್ಯ ಇಡುತ್ತಾನೆ? ಹಣ್ಣು ಕುಯ್ಯುವವರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾರೆ. ಚುಕ್ಕಿ ಎಲ್ಲರ ಮುಂದೆ ಹೋಗಿ ಕೂರುತ್ತಾಳೆ. ಮೂರು ವಾರ ಸರಿ ಹೋಯಿತು. ನಾಲ್ಕನೇ ವಾರ ಒಂದು ದಿನ ಒಣಮೀನಿನ ಸಾರನ್ನದ ಬಾಳೆಲೆ ನೆಕ್ಕುತ್ತಾ ಸಿಕ್ಕಿಬಿದ್ದಳು. "ಪಾಪ ಅಣ್ಣಾ, ನಿಮ್ಮನೇಲಿ ಊಟ ಹಾಕಲ್ವಾ?" ಅಂತ ಒಬ್ಬಾಕೆ ನನ್ನನ್ನೇ ಕೇಳಿದಳು. ವಿಚಾರಿಸಿದರೆ ಅದು ಮೊದಲ ದಿನವಲ್ಲ. ಮತ್ತೆ ಒಂದರಿಂದ ಲೆಕ್ಕ. ಡಿಸೆಂಬರ್, ಜನವರಿ ಪೂರ್ತಿ ಕುಯ್ಲಿನ ಹೊತ್ತಿಗೆ ಅವಳನ್ನು ಮನೆಯಲ್ಲಿ ಕಟ್ಟಿಹಾಕಿದೆ. ಬೊಗಳಿ ಬೊಗಳಿ ಅವಳ ಗಂಟಲು ಕಟ್ಟಿತು.

ಜನವರಿ ಕೊನೆಗೆ ಪುಸ್ತಕದಲ್ಲಿ 1 ಅಂತ ಬರೆದೆ. ಪಾದ ನೆಕ್ಕುವುದು ನಿಂತೇ ಹೋಗಿತ್ತು. ಕೋಳಿಯೇ ಕಾರಣ ಅಂತ ನನಗೆ ಅನುಮಾನವೇ ಉಳಿಯಲಿಲ್ಲ. ಸಿಹಿ ಹಂಚುವುದೊಂದು ಬಾಕಿ.

"ಒಳ್ಳೇದು. ಈಗ ಹಳೇ ಊಟ ವಾಪಸ್ ಹಾಕಿ" ಅಂದರು ಮೇಡಂ.

ಇದೆಂಥ ಮಾತು? ಎರಡು ತಿಂಗಳು ಒದ್ದಾಡಿ ನಿಲ್ಲಿಸಿದ್ದನ್ನು ಮತ್ತೆ ತರಿಸುವುದಾ? ಊಟವೇ ಕಾರಣವಾದರೆ ಎರಡು ವಾರದೊಳಗೆ ತುರಿಕೆ ಸಾಮಾನ್ಯವಾಗಿ ವಾಪಸ್ ಬರುತ್ತದೆ, ಬಂದರೆ ಮಾತ್ರ ಪರೀಕ್ಷೆ ಪೂರ್ತಿಯಾದ ಹಾಗೆ ಅಂದರು. ಮನಸ್ಸಿಲ್ಲದ ಮನಸ್ಸಿಂದ ಕೋಳಿ ಹಾಕಿದೆ. ಮುದ್ದೆ, ಮೊಟ್ಟೆ, ಹಾಲು, ಎಲ್ಲ. 1. 1. 1. ಎರಡು ವಾರ ಕಳೆಯಿತು, ಚುಕ್ಕಿ ದಪ್ಪಗಾದಳು, ಅಷ್ಟೇ. ಊಟ ಕಾರಣವಲ್ಲ. ಡಿಸೆಂಬರ್, ಜನವರಿಯಲ್ಲಿ ಬದಲಾದದ್ದು ಅವಳ ತಟ್ಟೆಯೊಂದೇ ಅಲ್ಲ, ಹವಾ ಕೂಡ ಒಣಗಿತ್ತು. ಆ ಎರಡು ವಾರ ಮಾಡದೆ ಇದ್ದಿದ್ದರೆ ನಾನು ಜೀವಮಾನವಿಡೀ ಬಚ್ಚಲ ಹಿಂದೆ ಹಂದಿ ಬೇಯಿಸುತ್ತಿದ್ದೆ.

"ಹೋದ ಮಳೆಗಾಲ ಬಿಡಿ. ಅದರ ಹಿಂದಿನ ಮಳೆಗಾಲದಲ್ಲಿ ಪಾದ ನೆಕ್ಕುತ್ತಿದ್ದಳಾ?"

ನೆನಪಿಲ್ಲ ಅಂದೆ. ಆಮೇಲೆ ಅಲ್ಲೇ ಕೂತು ಫೋನಿನಲ್ಲಿ ಹಳೇ ಫೋಟೋ ತಿರುವಿದೆ. ಗೌರಿ ಹಬ್ಬದ ದಿನದ್ದೊಂದು ಸಿಕ್ಕಿತು. ಅಣ್ಣನ ಮಗಳು ಚುಕ್ಕಿಯ ಹಣೆಗೆ ಕುಂಕುಮ ಇಟ್ಟು ಪಕ್ಕದಲ್ಲಿ ಕೂತಿದ್ದಾಳೆ. ಚುಕ್ಕಿಗೆ ಆಗ ಎರಡು ವರ್ಷ ದಾಟಿದ್ದೀತು. ಬಿಳಿ ಪಾದಗಳು ಬಿಳಿ ಇಲ್ಲ. ಬೆರಳ ಸಂದಿಯೆಲ್ಲ ತುಕ್ಕಿನ ಬಣ್ಣ. ಆಗ ಅದನ್ನು ನಾವು ತೋಟದ ಕೆಂಪು ಮಣ್ಣು ಅಂದುಕೊಂಡಿದ್ದೆವು. ಮೇಡಂ ಫೋಟೋ ದೊಡ್ಡದು ಮಾಡಿ ನೋಡಿದರು. ಮಣ್ಣಾದರೆ ತೊಳೆದರೆ ಹೋಗುತ್ತದೆ. ಇದು ಎಂಜಲಿನ ಕಲೆ, ದಿನಾ ನೆಕ್ಕಿ ನೆಕ್ಕಿ ಕೂತದ್ದು.

ಚೀಟಿಯಲ್ಲಿ ಅಟೋಪಿ ಅಂತ ಬರೆದರು. ಸುತ್ತಲಿನ ವಸ್ತುಗಳಿಗೆ ಚರ್ಮದ ಅಲರ್ಜಿ. ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದ ಒಳಗೆ ಶುರುವಾಗುತ್ತದೆ. ಇದೇ ಅಂತ ಹೇಳುವ ಒಂದು ಪರೀಕ್ಷೆ ಇಲ್ಲ, ಚಿಗಟ ಅಲ್ಲ, ಹುಳ ಅಲ್ಲ, ಊಟ ಅಲ್ಲ ಅಂತ ಒಂದೊಂದೇ ತೆಗೆದುಹಾಕಿ ಕೊನೆಗೆ ಉಳಿದದ್ದು. ನಮ್ಮ ಕಡೆಯ ಮಳೆಗಾಲದ ತೇವ ಅಂದರೆ ಹಾಸಿಗೆ, ಗೋಣಿಯಲ್ಲಿರುವ ಧೂಳಿನ ಹುಳಗಳಿಗೆ ಹಬ್ಬ, ಮೊದಲ ಅನುಮಾನ ಅವುಗಳ ಮೇಲೆ ಅಂದರು. ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು.

ಈ ವರ್ಷ ಮಳೆ ಶುರುವಾಗುವ ಮುಂಚೆ ಚುಕ್ಕಿಯ ಗೋಣಿ ತೆಗೆದು ಹತ್ತಿ ಬಟ್ಟೆ ಹಾಸಿದೆವು. ವಾರಕ್ಕೊಮ್ಮೆ ಅದನ್ನು ಬಿಸಿನೀರಲ್ಲಿ ಒಗೆದು ಹಂಡೆ ಒಲೆಯ ಮೇಲೆ ಒಣಗಿಸುವುದು. ಹೊರಗಿಂದ ಬಂದರೆ ಪಾದ ಒರೆಸುವುದು. ತುರಿಕೆ ಏರಿದರೆ ಕೊಡಲು ಗುಳಿಗೆ ಇದೆ, ಇನ್ನೂ ಬಿಚ್ಚಿಲ್ಲ.

ಮೊನ್ನೆ ರಾತ್ರಿ ಒಂದೇ ಸಮನೆ ಮಳೆ. ನಾನು ಪುಸ್ತಕ ತೆಗೆಯುವ ಮುಂಚೆಯೇ ಅಮ್ಮ ಜಗಲಿಯಿಂದ ಕೂಗಿದರು.

"ಬರ್ಕೋ. ಊಟ ಆದ್ಮೇಲೆ ಬಲಗಡೆ ಮುಂಗಾಲು ನೆಕ್ಕಿದ್ಲು. ಕಿವಿ ಒಂದ್ಸಲ ಕೊಡವಿದ್ಲು."

"ಎಷ್ಟು ಹಾಕ್ಲಿ?"

"ಮೂರು." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೇಡ, ಎರಡೂವರೆ ಹಾಕು."